ಪಾರ್ಕ್‌ನಲ್ಲಿರುವ ಮೊಬೈಲ್ ಹೋಮ್‌ಗೆ ಟೈಟಲ್ ಇನ್ಶೂರೆನ್ಸ್ ಸಿಗಲ್ಲ ಅಂತಾರೆ, ನಿಜಾನಾ?

ಸನಿವೇಲ್_ಸೊಸೆ
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನಾವಿಬ್ಬರೂ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಬಾಡಿಗೆ ಮನೆಯಲ್ಲಿ ಇದ್ದೇವೆ. ಇಲ್ಲಿ ಮಾಮೂಲಿ ಮನೆಯ ಬೆಲೆ ನಿಮಗೆಲ್ಲ ಗೊತ್ತೇ ಇದೆ, ಅದರ ಮಾತು ಬೇಡ. ಹೋದ ತಿಂಗಳು ಒಂದು ಮೊಬೈಲ್ ಹೋಮ್ (ಫ್ಯಾಕ್ಟರಿಯಲ್ಲಿ ಕಟ್ಟಿ ತಂದು ನಿಲ್ಲಿಸುವ ಮನೆ) ಪಾರ್ಕ್‌ನಲ್ಲಿ ಡಬಲ್ ವೈಡ್, ಅಂದರೆ ಎರಡು ಭಾಗ ಜೋಡಿಸಿದ ಮನೆ, ನೋಡಿದೆವು. 1983ರ ಮನೆ. ಮೂರು ರೂಮು, ಹಿಂದೆ ಒಂದು ನಿಂಬೆ ಗಿಡ. ಬೆಲೆ 3 ಲಕ್ಷದ 10 ಸಾವಿರ ಡಾಲರ್. ಜಾಗ ಪಾರ್ಕ್‌ನವರದ್ದು, ಅದಕ್ಕೆ ತಿಂಗಳ ಬಾಡಿಗೆ ಬೇರೆ. ಮಾರುತ್ತಿರುವವರು ವಯಸ್ಸಾದ ಅಜ್ಜಿ, ಮಗಳ ಮನೆಗೆ ಹೋಗುತ್ತಿದ್ದಾರೆ.

ಈಗ ಸಮಸ್ಯೆ. ಟೈಟಲ್ ಇನ್ಶೂರೆನ್ಸ್ (ಮಾಲೀಕತ್ವದಲ್ಲಿ ತೊಡಕು ಬಂದರೆ ನಷ್ಟ ಕಟ್ಟಿಕೊಡುವ ವಿಮೆ) ಯಾವ ಕಂಪನಿಯಲ್ಲಿ ಮಾಡಿಸುವುದು ಅಂತ ಏಜೆಂಟ್‌ಗೆ ಕೇಳಿದೆ. "ಇದಕ್ಕೆಲ್ಲ ಅದು ಇರಲ್ಲ, ಬೇಕಾಗೂ ಇಲ್ಲ" ಎಂದು ನಕ್ಕುಬಿಟ್ಟರು. ನಮ್ಮ ಮಾವನವರು ಹಾಸನದಲ್ಲಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ 30 ವರ್ಷ ಕೆಲಸ ಮಾಡಿದವರು. ದಿನಾ ರಾತ್ರಿ ವಿಡಿಯೋ ಕಾಲ್‌ನಲ್ಲಿ ಒಂದೇ ಪ್ರಶ್ನೆ: "ಇಸಿ (ಋಣಭಾರ ಪತ್ರ) ತೆಗೆಸಿದಿರೇನಮ್ಮಾ?" ನನಗೆ ಏನು ಹೇಳಬೇಕು ಅಂತ ಗೊತ್ತಾಗುತ್ತಿಲ್ಲ. ಇಷ್ಟು ದುಡ್ಡು ಹಾಕಿ ವಿಮೆ ಇಲ್ಲದೆ ಕೊಳ್ಳುವುದಾ? ಏಜೆಂಟ್ ನಮ್ಮನ್ನು ಯಾಮಾರಿಸುತ್ತಿದ್ದಾರಾ?

ಹುಬ್ಬಳ್ಳಿ_ಮಿರ್ಚಿ
ಇಸಿ ಬ್ಯಾಡ್ರಿ, ಆರ್‌ಸಿ ಬುಕ್ ಕೇಳ್ರಿ. ಗಾಲಿ ಇರೋ ಮನಿ ಅದು.

ಕರಾವಳಿ_ಕಾಕ
ಹಹ್ಹ. ಎಮಿಷನ್ ಟೆಸ್ಟೂ ಮಾಡಿಸಿ.

ಲೆಕ್ಕದ_ಮೇಷ್ಟ್ರು
ಟೈಟಲ್ ಇನ್ಶೂರೆನ್ಸ್ ಅನ್ನೋದೇ ದೊಡ್ಡ ದಂಧೆ. ಸಿಗದಿದ್ದರೆ ಒಳ್ಳೆಯದೇ ಆಯಿತು, ದುಡ್ಡು ಉಳಿಯಿತು. ಕಾರ್ ಇನ್ಶೂರೆನ್ಸ್ ಕಂಪನಿಗಳು ಕ್ಲೇಮ್‌ಗೆ ಎಷ್ಟು ಕೊಡುತ್ತವೆ, ಟೈಟಲ್ ಕಂಪನಿಗಳು ಎಷ್ಟು ಕೊಡುತ್ತವೆ, ಹೋಲಿಸಿ ನೋಡಿ. ಇವರು ಪ್ರೀಮಿಯಂನ ಚೂರುಪಾರು ಮಾತ್ರ ವಾಪಸ್ ಕೊಡುವುದು. ಉಳಿದದ್ದೆಲ್ಲ ಎಲ್ಲಿ ಹೋಗುತ್ತೆ?

ಎಸ್ಕ್ರೋ_ಅಕ್ಕ
ಮೇಷ್ಟ್ರೇ, ನಿಮ್ಮ ಪ್ರಶ್ನೆಗೆ ಆಮೇಲೆ ಬರುತ್ತೇನೆ. ಮೊದಲು ಆ ಹುಡುಗಿಗೆ ಉತ್ತರ ಕೊಡೋಣ. ಮಿರ್ಚಿಯವರು ತಮಾಷೆಗೆ ಹೇಳಿದರೂ ವಿಷಯ ಅದೇ.

ನಾನು ಕ್ಯಾಲಿಫೋರ್ನಿಯಾದಲ್ಲಿ ಎಸ್ಕ್ರೋ ಆಫೀಸಿನಲ್ಲಿ, ಅಂದರೆ ವ್ಯವಹಾರ ಮುಗಿಯುವವರೆಗೆ ದುಡ್ಡು, ಕಾಗದ ಇಟ್ಟುಕೊಳ್ಳುವ ಮಧ್ಯಸ್ಥರ ಕಚೇರಿಯಲ್ಲಿ, 11 ವರ್ಷದಿಂದ ಇದ್ದೇನೆ. ಅದರಲ್ಲಿ ಅರ್ಧದಷ್ಟು ಫೈಲ್ ಮೊಬೈಲ್ ಹೋಮ್‌ಗಳದ್ದೇ.

ಟೈಟಲ್ ಇನ್ಶೂರೆನ್ಸ್ ಇರುವುದು ಭೂಮಿಗೆ. ಕೌಂಟಿ ರೆಕಾರ್ಡರ್ ಆಫೀಸಿನಲ್ಲಿ ಇರುವ ಪತ್ರಗಳನ್ನು ಹುಡುಕಿ, "ಈ ಜಾಗ ಇವರದ್ದೇ, ಇದರ ಮೇಲೆ ಇಂತಿಂಥ ಸಾಲ ಇದೆ" ಎಂದು ಕಂಪನಿ ಹೇಳುತ್ತದೆ. ಹೇಳಿದ್ದು ತಪ್ಪಾದರೆ ನಷ್ಟ ಕಟ್ಟಿಕೊಡುತ್ತದೆ. ನೀವು ನೋಡಿರುವ ಮನೆ ಕೌಂಟಿ ಪುಸ್ತಕದಲ್ಲಿ ಇಲ್ಲವೇ ಇಲ್ಲ. ಜಾಗ ಪಾರ್ಕ್ ಮಾಲೀಕರ ಹೆಸರಲ್ಲಿದೆ. ಮನೆ ಕಾನೂನಿನ ಕಣ್ಣಿಗೆ ಚರಾಸ್ತಿ, ಕಾರು ದೋಣಿಗಳ ಸಾಲಿಗೆ ಸೇರಿದ್ದು. ಅದರ ದಾಖಲೆ ಇರುವುದು ರಾಜ್ಯದ ವಸತಿ ಇಲಾಖೆಯಲ್ಲಿ, ಅಂದರೆ ಎಚ್‌ಸಿಡಿಯಲ್ಲಿ. 1981ಕ್ಕೆ ಮುಂಚೆ ಇದನ್ನು ಗಾಡಿ ನೋಂದಣಿ ಮಾಡುವ ಡಿಎಂವಿಯವರೇ ನೋಡಿಕೊಳ್ಳುತ್ತಿದ್ದರು. ಆದ್ದರಿಂದ ಆರ್‌ಸಿ ಬುಕ್ ಅಂದದ್ದು ಪೂರ್ತಿ ತಮಾಷೆ ಏನಲ್ಲ.

ನಿಮ್ಮ ಏಜೆಂಟ್ "ಇರಲ್ಲ" ಅಂದದ್ದು ಸರಿ. "ಬೇಕಾಗೂ ಇಲ್ಲ" ಅಂತ ನಕ್ಕಿದ್ದು ಸರಿಯಲ್ಲ. ವಿಮೆ ಇಲ್ಲ ಅಂದರೆ ಹುಡುಕಾಟ ಇನ್ನೂ ಜಾಸ್ತಿ ಮಾಡಬೇಕು, ಅಲ್ವಾ? ನೀವು ಮಾಡಬೇಕಾದ್ದು ಇಷ್ಟು:

ಎಚ್‌ಸಿಡಿಯಿಂದ ಟೈಟಲ್ ಸರ್ಚ್ ತರಿಸಿ. ಮನೆಯ ಹೊರಗೆ ಡೆಕಲ್ ಎಂಬ ನೋಂದಣಿ ಸ್ಟಿಕರ್ ಅಂಟಿಸಿರುತ್ತಾರೆ, ಅದರ ನಂಬರ್ ಕೊಟ್ಟರೆ ಸಾಕು. ಬಂದ ಕಾಗದದಲ್ಲಿ ರಿಜಿಸ್ಟರ್ಡ್ ಓನರ್, ಲೀಗಲ್ ಓನರ್ ಅಂತ ಎರಡು ಹೆಸರು ಇರಬಹುದು. ಗಾಬರಿ ಬೀಳಬೇಡಿ. ರಿಜಿಸ್ಟರ್ಡ್ ಓನರ್ ಅಂದರೆ ಮನೆಯ ಮಾಲೀಕರು. ಲೀಗಲ್ ಓನರ್ ಅಂದರೆ ಸಾಲ ಕೊಟ್ಟವರು. ಯಾವ ಪುಣ್ಯಾತ್ಮ ಈ ಹೆಸರಿಟ್ಟನೋ, ಹತ್ತರಲ್ಲಿ ಒಂಬತ್ತು ಜನ ಉಲ್ಟಾ ತಿಳಿದುಕೊಳ್ಳುತ್ತಾರೆ.

ನಿಮ್ಮದು 1983ರ ಮನೆ. 1980ರ ಜುಲೈ 1ರಿಂದ ಈಚೆಗೆ ಹೊಸದಾಗಿ ಮಾರಾಟವಾದ ಮನೆಗಳಿಗೆ ಕೌಂಟಿಯ ಆಸ್ತಿ ತೆರಿಗೆ ಇದೆ. ಹಾಗಾಗಿ ಟ್ಯಾಕ್ಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ಇಲ್ಲದೆ ಹೆಸರು ಬದಲಾಗುವುದಿಲ್ಲ. ಅದನ್ನು ಕೌಂಟಿ ಟ್ಯಾಕ್ಸ್ ಕಲೆಕ್ಟರ್ ಕೊಡುತ್ತಾರೆ.

ಮತ್ತೆ ಒಂದು ಮಾತು. ಎಸ್ಕ್ರೋ ಬಿಟ್ಟು ನೇರವಾಗಿ ಅಜ್ಜಿಯ ಕೈಗೆ ಚೆಕ್ ಕೊಡಬೇಡಿ. ಅಜ್ಜಿ ಎಷ್ಟೇ ಒಳ್ಳೆಯವರಾಗಿರಲಿ.

ಸನಿವೇಲ್_ಸೊಸೆ
ಅಕ್ಕಾ, ತುಂಬಾ ಥ್ಯಾಂಕ್ಸ್. ಇವತ್ತು ಸಂಜೆಯೇ ಡೆಕಲ್ ಫೋಟೋ ತೆಗೆದುಕೊಂಡು ಬಂದೆ. ಅಜ್ಜಿ ನಿಂಬೆಹಣ್ಣು ಬೇರೆ ಕೊಟ್ಟು ಕಳಿಸಿದರು.

ದಾವಣಗೆರೆ_ದೋಸೆ
ಗಾಲಿ ಕಿತ್ತು ಹಾಕಿ ಸಿಮೆಂಟ್ ಇಟ್ಟಿಗೆ ಮೇಲೆ ಕೂರಿಸಿದ್ದರೆ ಅದು ಮನೆ ಆಯ್ತಲ್ಲ. ಆಗ ಟೈಟಲ್ ಇನ್ಶೂರೆನ್ಸ್ ಸಿಗಬೇಕು. ನಮ್ಮ ಪಕ್ಕದವರಿಗೆ ಸಿಕ್ಕಿದೆ.

ಆಸ್ಟಿನ್_ಗೌಡ
ದೋಸೆಯವರೇ, ಇದೇ ತಪ್ಪು ತಿಳಿವಳಿಕೆಯಿಂದ ನಾನು ಏಳು ತಿಂಗಳು ಒದ್ದಾಡಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

2015ರಲ್ಲಿ ಆಸ್ಟಿನ್‌ನಿಂದ ಪೂರ್ವಕ್ಕೆ ಎರಡು ಎಕರೆ ಜಮೀನು ತೆಗೆದುಕೊಂಡೆ. ಅದರ ಮೇಲೆ ಡಬಲ್ ವೈಡ್ ಮನೆ. ಗಾಲಿ ಇಲ್ಲ, ಆಕ್ಸಲ್ ಇಲ್ಲ, ಎಳೆದುಕೊಂಡು ಹೋಗುವ ಕೊಕ್ಕೆಯೂ ಇಲ್ಲ. ಸುತ್ತ ಕಟ್ಟೆ ಕಟ್ಟಿದ್ದರು, ಮುಂದೆ ಜಗುಲಿ. ಯಾರು ನೋಡಿದರೂ ಮನೆ ಅನ್ನಬೇಕು. ಟೈಟಲ್ ಕಂಪನಿಯವರು ಓನರ್ಸ್ ಪಾಲಿಸಿ, ಅಂದರೆ ಮಾಲೀಕನ ಹೆಸರಿಗೆ ಟೈಟಲ್ ವಿಮೆ, ಕೊಟ್ಟರು. ಪೂರ್ತಿ ಬೆಲೆಗೆ ಪ್ರೀಮಿಯಂ ಕಟ್ಟಿದೆ. ನಿಶ್ಚಿಂತೆಯಿಂದ ನಿದ್ದೆ ಮಾಡಿದೆ.

ಮೂರು ವರ್ಷ ಆದ ಮೇಲೆ ಹಳೇ ಸಾಲ ತೀರಿಸಿ ಹೊಸ ಸಾಲ ತೆಗೆದುಕೊಳ್ಳಲು, ಅಂದರೆ ರೀಫೈನಾನ್ಸ್‌ಗೆ, ಹೋದೆ. ಬ್ಯಾಂಕಿನವರು ಕೇಳಿದರು, "ಸ್ಟೇಟ್‌ಮೆಂಟ್ ಆಫ್ ಓನರ್‌ಶಿಪ್ ಎಲ್ಲಿ?" ಅದು ಯಾವ ಪ್ರಾಣಿ ಅಂತ ನನಗೆ ಗೊತ್ತಿರಲಿಲ್ಲ. ಟೆಕ್ಸಾಸ್‌ನಲ್ಲಿ ಮ್ಯಾನುಫ್ಯಾಕ್ಚರ್ಡ್ ಹೋಮ್ (ಇಂಥ ಫ್ಯಾಕ್ಟರಿ ಮನೆ) ಯಾರದ್ದು ಅನ್ನುವುದನ್ನು ಟಿಡಿಎಚ್‌ಸಿಎ ಎಂಬ ರಾಜ್ಯದ ವಸತಿ ಇಲಾಖೆ ಬರೆದಿಡುತ್ತದೆ. ಮನೆಯನ್ನು ಸ್ಥಿರಾಸ್ತಿ ಅಂತ ಘೋಷಿಸಬೇಕಾದರೆ ಮಾಲೀಕನೇ ಅಲ್ಲಿ ಅರ್ಜಿ ಹಾಕಬೇಕು, ಅವರು ಕೊಟ್ಟ ಕಾಗದವನ್ನು ಕೌಂಟಿಯಲ್ಲಿ ದಾಖಲು ಮಾಡಿಸಬೇಕು. ಇದ್ಯಾವುದನ್ನೂ ಯಾರೂ ಮಾಡಿರಲಿಲ್ಲ. ಮನೆ ಇನ್ನೂ ನನಗೆ ಮಾರಿದವನ ಹಿಂದಿನವನ ಹೆಸರಲ್ಲೇ ಇತ್ತು. ಅದರ ಮೇಲೆ ಒಂದು ಹಳೇ ಲೀನ್ (ಸಾಲದವರ ಹಕ್ಕು) ಬೇರೆ.

ಟೈಟಲ್ ಕಂಪನಿಗೆ ಕ್ಲೇಮ್ ಹಾಕಿದೆ. ಉತ್ತರ ಬಂತು: ನಾವು ವಿಮೆ ಮಾಡಿದ್ದು ಭೂಮಿಗೆ ಮತ್ತು ಕಾನೂನು ಪ್ರಕಾರ ಭೂಮಿಗೆ ಸೇರಿದ್ದಕ್ಕೆ. ನಿಮ್ಮ ಮನೆ ಭೂಮಿಗೆ ಸೇರೇ ಇಲ್ಲ. ಅಲ್ಲಿಗೆ ಮುಗಿಯಿತು. ನನ್ನ ಹತ್ತಿರ ಇದ್ದದ್ದು ಬರೀ ಮಣ್ಣಿಗೆ ವಿಮೆ. ಮನೆ ಮಾತ್ರ ಆಕಾಶದಲ್ಲಿ ತೇಲುತ್ತಿತ್ತು.

ವಕೀಲರಿಗೆ 4,200 ಡಾಲರ್ ಸುರಿದೆ. ಹಳೇ ಮಾಲೀಕನನ್ನು ಹುಡುಕಿಕೊಂಡು ಲೂಸಿಯಾನಾವರೆಗೂ ಹೋದೆ. ಆತ ಪಾಪ, ಕೂತಲ್ಲೇ ಸಹಿ ಹಾಕಿಕೊಟ್ಟ. ಒಂದು ಬಿಯರ್ ಕೂಡ ಕೊಟ್ಟ.

ದಾವಣಗೆರೆ_ದೋಸೆ
ಅಯ್ಯೋ ಗೌಡ್ರೇ. ಹಾಗಾದರೆ ಪಕ್ಕದವರಿಗೆ ಇವತ್ತೇ ಹೇಳಬೇಕು.

ಎಸ್ಕ್ರೋ_ಅಕ್ಕ
ಗೌಡರ ಕಥೆಯಲ್ಲಿ ತಪ್ಪಿಹೋದ ಕಾಗದಕ್ಕೆ ಒಂದು ಹೆಸರಿದೆ. ಟೈಟಲ್ ಕಂಪನಿಗಳ ಸಂಘ ಅಲ್ಟಾ ಅಂತ ಇದೆಯಲ್ಲ, ಅವರ ಪಟ್ಟಿಯಲ್ಲಿ 7ನೇ ನಂಬರಿನ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ಕಾಗದ) ಮ್ಯಾನುಫ್ಯಾಕ್ಚರ್ಡ್ ಮನೆಗೇ ಮೀಸಲು. ಪಾಲಿಸಿಯಲ್ಲಿ "ಭೂಮಿ" ಅಂದಾಗ ಅದರಲ್ಲಿ ಈ ಮನೆಯೂ ಸೇರುತ್ತದೆ ಎಂದು ಅದು ಹೇಳುತ್ತದೆ. 7.1 ಅಂತ ಇರುವುದು ಸಾಲ ಕೊಟ್ಟವರಿಗೆ. 7.2 ಮಾಲೀಕರಿಗೆ. ಚರಾಸ್ತಿಯಾಗಿದ್ದ ಮನೆ ಸ್ಥಿರಾಸ್ತಿಯಾಗಿ ಬದಲಾಗಿದೆಯೋ ಇಲ್ಲವೋ ಅನ್ನುವ ಅಪಾಯವನ್ನೂ ಇವೆರಡು ಹೊರುತ್ತವೆ. ಟೆಕ್ಸಾಸ್‌ನಲ್ಲಿ ಫಾರಂಗಳೇ ಬೇರೆ, ಅಲ್ಲಿ ಅದಕ್ಕೆ ಟಿ-31 ಅನ್ನುತ್ತಾರೆ.

ಹಾಗಾಗಿ ಜಾಗ ಸಮೇತ ಕೊಳ್ಳುವವರು ಪಾಲಿಸಿ ಇದೆಯಾ ಅಂತ ಕೇಳಿ ಸುಮ್ಮನಾಗಬೇಡಿ. ಅದರ ಬೆನ್ನಿಗೆ ಈ ಕಾಗದ ಇದೆಯಾ ನೋಡಿ.

ಆಸ್ಟಿನ್_ಗೌಡ
ಹೌದು, ಟಿ-31. ಆ ಎರಡಕ್ಷರ ಈಗ ಹಣೆ ಮೇಲೆ ಬರೆಸಿಕೊಳ್ಳುವಷ್ಟು ಬಾಯಿಪಾಠ ಆಗಿದೆ. ಟೆಕ್ಸಾಸ್‌ನವರಿಗೆ ಇನ್ನೊಂದು: ಟಿಡಿಎಚ್‌ಸಿಎ ದಾಖಲೆಯನ್ನು ಮನೆಯಲ್ಲಿ ಕೂತು ಆನ್‌ಲೈನ್‌ನಲ್ಲೇ ನೋಡಬಹುದು. ಮನೆಯ ಲೇಬಲ್ ನಂಬರ್ ಅಥವಾ ಸೀರಿಯಲ್ ನಂಬರ್ ಹಾಕಿದರೆ ಬರುತ್ತೆ. ಐದು ನಿಮಿಷದ ಕೆಲಸ. ಆ ಐದು ನಿಮಿಷ ಯಾರೂ ಕೊಟ್ಟಿರಲಿಲ್ಲ, ನಾನೂ ಸೇರಿದಂತೆ.

ಟ್ಯಾಂಪಾ_ಮಾಣಿ
ಫ್ಲೋರಿಡಾದ್ದು ಕೇಳಿ ಮಾರಾಯ್ರೆ. ಇಲ್ಲಿ ಡಬಲ್ ವೈಡ್ ಅಂದರೆ ಎರಡು ಅರ್ಧಗಳು, ಎರಡು ಸೀರಿಯಲ್ ನಂಬರ್, ಎರಡು ಟೈಟಲ್. ಒಂದೊಂದು ಅರ್ಧಕ್ಕೂ ಪ್ರತ್ಯೇಕ ಕಾಗದ, ಕೊಡುವವರು ಗಾಡಿಗಳ ಇಲಾಖೆ.

ನನ್ನ ರೂಮ್‌ಮೇಟ್ ಕೊಂಡಾಗ ಮಾರಿದವನು ಒಂದೇ ಟೈಟಲ್ ಕೊಟ್ಟಿದ್ದ. ಇವನೂ ನೋಡದೆ ತೆಗೆದುಕೊಂಡ. ವರ್ಷ ಕಳೆದು ಮಾರಲು ಹೊರಟಾಗ ಗೊತ್ತಾಯಿತು, ಇನ್ನೊಂದು ಅರ್ಧ ತೀರಿಹೋದ ಯಾರದ್ದೋ ಹೆಸರಲ್ಲಿದೆ. ಬೆಡ್‌ರೂಮ್ ಇರುವ ಅರ್ಧ ಇವನದ್ದು. ಅಡುಗೆಮನೆ ಬೇರೆಯವರದ್ದು. ಒಂದು ವರ್ಷ ಅಡುಗೆಮನೆಗೆ ಬಾಡಿಗೆ ಕೊಡದೆ ನೀರ್‌ದೋಸೆ ಹೊಯ್ದುಕೊಂಡು ತಿಂದಿದ್ದೆವು.

ಹುಬ್ಬಳ್ಳಿ_ಮಿರ್ಚಿ
ಪಾಲು ಆದ ಮನಿ ಅಂತ ತಿಳ್ಕೋಬೇಕು. ನಮ್ಮೂರಾಗ ಅಣ್ಣ ತಮ್ಮಂದಿರು ಗೋಡಿ ಹಾಕ್ತಾರ, ಅಲ್ಲಿ ಫ್ಯಾಕ್ಟರಿಯವರೇ ಹಾಕಿ ಕೊಡ್ತಾರ.

ಟ್ಯಾಂಪಾ_ಮಾಣಿ
ಹಾಂ, ಮತ್ತೊಂದು. ಹೊಸ ಮನೆ ಡೀಲರ್ ಹತ್ತಿರ ಕೊಳ್ಳುವವರು ಮನೆ ಕಟ್ಟಿದ ಕಂಪನಿಯ ಸರ್ಟಿಫಿಕೇಟ್ ಆಫ್ ಒರಿಜಿನ್, ಅಂದರೆ ಮನೆಯ ಹುಟ್ಟುಪತ್ರ, ಎಲ್ಲಿದೆ ಅಂತ ಕೇಳಬೇಕು. ಡೀಲರ್ ಅಂಗಡಿಯಲ್ಲಿ ನಿಂತಿರುವ ಮನೆಗಳೆಲ್ಲ ಸಾಲದ ಮೇಲೆ ತಂದವೇ ಜಾಸ್ತಿ. ನೀವು ಕೊಟ್ಟ ದುಡ್ಡಲ್ಲಿ ಅವನು ಆ ಸಾಲ ತೀರಿಸದೆ ಬಾಗಿಲು ಮುಚ್ಚಿದರೆ ಆ ಕಾಗದ ಸಾಲ ಕೊಟ್ಟವರ ಕಪಾಟಿನಲ್ಲೇ ಇರುತ್ತದೆ.

ಎಸ್ಕ್ರೋ_ಅಕ್ಕ
ಕ್ಯಾಲಿಫೋರ್ನಿಯಾದಲ್ಲಿ ಡಬಲ್ ವೈಡ್‌ಗೆ ಎರಡು ಟೈಟಲ್ ಇಲ್ಲ, ಸೊಸೆಯವರು ಹೆದರಬೇಡಿ. ಒಂದೇ ಕಾಗದ, ಅದರಲ್ಲೇ ಎರಡೂ ಸೀರಿಯಲ್ ನಂಬರ್ ಇರುತ್ತವೆ. ಮನೆ ಮೇಲಿನ ನಂಬರ್‌ಗೂ ಕಾಗದದ ನಂಬರ್‌ಗೂ ತಾಳೆ ನೋಡಿ.

ಮೊದಲ_ಮನೆ_ಬೇಕು
ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ನನಗೆ ಸಾಲದವರು ಎಫ್‌ಎಚ್‌ಎ (ಅಮೆರಿಕ ಸರ್ಕಾರದ ವಸತಿ ಸಾಲ ಸಂಸ್ಥೆ) ಟೈಟಲ್ ಒನ್ ಲೋನ್ ಕೊಡುತ್ತೇವೆ ಅಂದರು. ಅದರಲ್ಲಿ ಟೈಟಲ್ ಇನ್ಶೂರೆನ್ಸ್ ಸೇರಿರುತ್ತಾ?

ಹಳೇ_ಪುರಾಣ
ಇಲ್ಲ ತಮ್ಮಾ. ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. 1934ರ ನ್ಯಾಷನಲ್ ಹೌಸಿಂಗ್ ಕಾಯ್ದೆಯ ಮೊದಲ ಅಧ್ಯಾಯಕ್ಕೆ ಟೈಟಲ್ ಒನ್ ಅಂತ ಹೆಸರು. ಅಲ್ಲಿ ವಿಮೆ ಇರುವುದು ಸಾಲ ಕೊಟ್ಟವರಿಗೆ, ನೀನು ಸಾಲ ತೀರಿಸದಿದ್ದರೆ ಅವರಿಗೆ ಸರ್ಕಾರದ ಆಸರೆ. ಮನೆ ಯಾರದ್ದು ಅನ್ನುವುದಕ್ಕೆ ಅದು ಖಾತರಿ ಅಲ್ಲ. ಜಾಗ ಇಲ್ಲದೆ ಬರೀ ಮನೆ ಕೊಳ್ಳುವವರಿಗೂ ಆ ಸಾಲ ಸಿಗುತ್ತದೆ, ಅದು ಅದರ ಅನುಕೂಲ.

ಮೊದಲ_ಮನೆ_ಬೇಕು
ಓ. ನಾನು ಮನೆಯವರಿಗೆಲ್ಲ ಸೇರಿದೆ ಅಂತ ಹೇಳಿಬಿಟ್ಟಿದ್ದೆ.

ಹಳೇ_ಪುರಾಣ
ವಿಷಯ ಬಂತು ಅಂತ ಸುಮ್ನೆ ಒಂದು ಕಥೆ. ಈ ಟೈಟಲ್ ಇನ್ಶೂರೆನ್ಸ್ ಹುಟ್ಟಿದ್ದು ಒಂದು ಜಗಳದಿಂದ. ಪೆನ್ಸಿಲ್ವೇನಿಯಾದಲ್ಲಿ ವಾಟ್ಸನ್ ಎಂಬಾತ ಆಸ್ತಿ ಕೊಂಡ. ಪತ್ರ ನೋಡಲು ಮ್ಯೂರ್‌ಹೆಡ್ ಎಂಬ ಪತ್ರ ಬರಹಗಾರನನ್ನು ಇಟ್ಟುಕೊಂಡಿದ್ದ. ಆತ ಒಂದು ಬಾಕಿಯನ್ನು ನೋಡಿಯೂ ಅದು ಲೆಕ್ಕಕ್ಕಿಲ್ಲ ಅಂತ ಬಿಟ್ಟ. ಆಮೇಲೆ ವಾಟ್ಸನ್‌ಗೆ ನಷ್ಟವಾಯಿತು. 1868ರಲ್ಲಿ ಕೋರ್ಟ್ ಹೇಳಿದ್ದು, ಆತ ವಕೀಲರ ಮಾತು ನಂಬಿ ಮಾಡಿದ, ಅವನ ಮೇಲೆ ಹೊಣೆ ಹೊರಿಸಲು ಬರುವುದಿಲ್ಲ ಎಂದು. ಕೊಂಡವನ ಬಾಯಿಗೆ ಮಣ್ಣು. ಇದಾಗಿ ಎಂಟು ವರ್ಷಕ್ಕೆ, 1876ರಲ್ಲಿ, ಫಿಲಡೆಲ್ಫಿಯಾದಲ್ಲಿ ಮೊದಲ ಟೈಟಲ್ ಇನ್ಶೂರೆನ್ಸ್ ಕಂಪನಿ ಶುರುವಾಯಿತು. ಆಗ ಮನೆ ಅಂದರೆ ನೆಲ ಬಿಟ್ಟು ಏಳುವಂಥದ್ದು ಅಲ್ಲ. ಟ್ರಕ್ ಹಿಂದೆ ಮನೆ ಬರುತ್ತದೆ ಅಂತ ಅವರಿಗೆ ಕನಸಲ್ಲೂ ಇರಲಿಲ್ಲ.

ಲೆಕ್ಕದ_ಮೇಷ್ಟ್ರು
ಕಥೆ ಚೆನ್ನಾಗಿದೆ. ಆದರೆ ನನ್ನ ಪ್ರಶ್ನೆಗೆ ಉತ್ತರ ಬಂದಿಲ್ಲ. ದುಡ್ಡು ಎಲ್ಲಿ ಹೋಗುತ್ತೆ?

ಎಸ್ಕ್ರೋ_ಅಕ್ಕ
ಬರುತ್ತೇನೆ ಅಂದಿದ್ದೆ, ಬಂದೆ. ಬೇರೆ ವಿಮೆ ಮುಂದೆ ಆಗುವ ಅಪಘಾತಕ್ಕೆ. ಇದು ಹಿಂದೆ ಆಗಿಹೋದದ್ದಕ್ಕೆ. ಪ್ರೀಮಿಯಂ ಒಂದೇ ಸಲ ಕಟ್ಟುತ್ತೀರಿ. ಅದರ ಬಹುಪಾಲು ಹಳೇ ಪತ್ರ ಹುಡುಕುವ, ತೊಡಕು ಬಿಡಿಸುವ ಕೆಲಸಕ್ಕೆ ಮತ್ತು ಏಜೆಂಟರಿಗೆ ಹೋಗುತ್ತೆ. ಹುಡುಕಾಟ ಸರಿಯಾಗಿದ್ದರೆ ಕ್ಲೇಮ್ ಬರುವುದೇ ಇಲ್ಲ. ಏಜೆಂಟರ ಪಾಲು ಜಾಸ್ತಿಯಾಯಿತು ಅಂತ ನೀವು ಬೈದರೆ ನಾನು ಅಡ್ಡ ಬರಲ್ಲ. ನನಗೂ ಹಾಗೇ ಅನ್ನಿಸುತ್ತೆ.

ಅಯೋವಾ_ಜೋಳ
ಮೇಷ್ಟ್ರು ನಮ್ಮೂರಿಗೆ ಬರಬೇಕು. ಅಯೋವಾದಲ್ಲಿ ಖಾಸಗಿ ಟೈಟಲ್ ಇನ್ಶೂರೆನ್ಸ್ ಮಾರುವುದನ್ನು 1947ರಲ್ಲೇ ನಿಷೇಧ ಮಾಡಿದ್ದಾರೆ. ಇಡೀ ದೇಶದಲ್ಲಿ ಇದೊಂದೇ ರಾಜ್ಯ. 1985ರಿಂದ ರಾಜ್ಯವೇ ಟೈಟಲ್ ಗ್ಯಾರಂಟಿ ಅಂತ ನಡೆಸುತ್ತದೆ. ಕಡಿಮೆ ಖರ್ಚಿನಲ್ಲಿ ಕೆಲಸ ಆಗುತ್ತದೆ.

ಲೆಕ್ಕದ_ಮೇಷ್ಟ್ರು
ನೋಡಿದಿರಾ! ನೋಡಿದಿರಾ!

ಹುಬ್ಬಳ್ಳಿ_ಮಿರ್ಚಿ
ಮೇಷ್ಟ್ರ ಮೊದಲು ಅಯೋವಾ ಚಳಿ ಲೆಕ್ಕ ಹಾಕ್ರಿ.

ಜಯನಗರದ_ಜಾಣ
ಬೆಂಗಳೂರಿನಿಂದ ಓದುತ್ತಿದ್ದೇನೆ. ನಿಮ್ಮ ಮಾತೆಲ್ಲ ಕೇಳಿ ಹೊಟ್ಟೆ ಉರಿಯುತ್ತಿದೆ. ನಮಗೆ ಇಲ್ಲಿ ನೆಲದ ಮೇಲಿನ ಮನೆಗೇ ಟೈಟಲ್ ಇನ್ಶೂರೆನ್ಸ್ ಅಪರೂಪ. 2016ರ ರೇರಾ (ರಿಯಲ್ ಎಸ್ಟೇಟ್) ಕಾಯ್ದೆಯ 16ನೇ ಸೆಕ್ಷನ್‌ನಲ್ಲಿ ಬಿಲ್ಡರ್ ಜಾಗದ ಟೈಟಲ್‌ಗೆ ವಿಮೆ ಮಾಡಿಸಬೇಕು ಅಂತ ಬರೆದಿದೆ. ಆದರೆ ರಾಜ್ಯ ಸರ್ಕಾರ ಅದಕ್ಕೆ ಅಧಿಸೂಚನೆ ಹೊರಡಿಸಬೇಕು ಅಂತಲೂ ಬರೆದಿದೆ. ಈ ಎರಡನೇ ವಾಕ್ಯದಲ್ಲಿ ಮೊದಲನೇ ವಾಕ್ಯ ಮುಳುಗಿಹೋಗಿದೆ. ನಾನು ಎರಡು ಫ್ಲ್ಯಾಟ್ ಕೊಂಡೆ, ಒಬ್ಬ ಬಿಲ್ಡರ್ ಬಾಯಲ್ಲೂ ವಿಮೆಯ ಮಾತು ಬರಲಿಲ್ಲ.

ನಮ್ಮಲ್ಲಿ ಮೂಲ ಪತ್ರ, ಖಾತೆ, ಪಹಣಿ, ಕಾವೇರಿ ವೆಬ್‌ಸೈಟ್‌ನಲ್ಲಿ ಇಸಿ, ಕೊನೆಗೆ ವಕೀಲರ ಅಭಿಪ್ರಾಯ. ಇಷ್ಟೆಲ್ಲ ಇಟ್ಟುಕೊಂಡು ದೇವರಿಗೆ ಕೈ ಮುಗಿಯುವುದು.

ಸನಿವೇಲ್_ಸೊಸೆ
ಇದನ್ನು ಮಾವನವರಿಗೆ ಓದಿ ಹೇಳಿದೆ. "ಇಸಿಯಲ್ಲೂ ಎಲ್ಲ ಬರಲ್ಲ, ರಿಜಿಸ್ಟರ್ ಆದದ್ದು ಮಾತ್ರ ಬರುತ್ತೆ. ಬಾಯಿಮಾತಿನ ಪಾಲು, ಕೋರ್ಟಿನಲ್ಲಿರುವ ತಕರಾರು ಯಾವುದೂ ಅದರಲ್ಲಿ ಇರಲ್ಲ" ಅಂದರು. ಫಾರಂ 15 ಬಂದರೆ ಓದಬೇಕು, ಫಾರಂ 16 ಬಂದರೆ ಇನ್ನೂ ಜಾಸ್ತಿ ಅನುಮಾನ ಪಡಬೇಕು ಅಂತೆ. ಏಕೆಂದರೆ 16 ಅಂದರೆ "ಏನೂ ಇಲ್ಲ" ಅಂತ. ಸರ್ವೆ ನಂಬರ್ ತಪ್ಪು ಹಾಕಿದರೂ ಏನೂ ಇಲ್ಲ ಅಂತಲೇ ಬರುತ್ತೆ.

ಜಯನಗರದ_ಜಾಣ
ನಿಮ್ಮ ಮಾವನವರ ಕಾಲಿಗೆ ಬೀಳಬೇಕು.

ಹಳೇ_ಪುರಾಣ
ಇಲ್ಲೊಂದು ಸೂಕ್ಷ್ಮ ಇದೆ. ನಮ್ಮ 1908ರ ನೋಂದಣಿ ಕಾಯ್ದೆ ಪ್ರಕಾರ ಸರ್ಕಾರ ನೋಂದಾಯಿಸುವುದು ಪತ್ರವನ್ನು, ಮಾಲೀಕತ್ವವನ್ನಲ್ಲ. ಅಮೆರಿಕದ ಕೌಂಟಿಗಳೂ ಬಹುಪಾಲು ಹಾಗೇ. ಯಾರೋ ತಂದುಕೊಟ್ಟ ಕಾಗದವನ್ನು ಪುಸ್ತಕಕ್ಕೆ ಹಚ್ಚಿಕೊಳ್ಳುತ್ತಾರೆ, ಅಷ್ಟೇ. ಅದಕ್ಕೇ ಖಾಸಗಿ ವಿಮೆಗೆ ಅಲ್ಲಿ ಜಾಗ ಸಿಕ್ಕಿದ್ದು. ಆದರೆ ಮೊಬೈಲ್ ಹೋಮ್‌ಗೆ ರಾಜ್ಯವೇ "ಇಂಥವರು ಮಾಲೀಕರು" ಅಂತ ಸರ್ಟಿಫಿಕೇಟ್ ಕೊಡುತ್ತದೆ. ಒಂದು ಲೆಕ್ಕದಲ್ಲಿ ಗಾಡಿಯ ದಾಖಲೆಯೇ ಭೂಮಿಯ ದಾಖಲೆಗಿಂತ ಗಟ್ಟಿ.

ಆಸ್ಟಿನ್_ಗೌಡ
ಗಟ್ಟಿ ಅಂತ ನಾನು ಒಪ್ಪಲ್ಲ ಸರ್. ಯಾರಾದರೂ ಅರ್ಜಿ ಹಾಕಿದರೆ ತಾನೇ ಅದು ಬದಲಾಗುವುದು? ನನ್ನ ಮನೆ ಎರಡು ಸಲ ಕೈ ಬದಲಾಯಿಸಿತ್ತು, ದಾಖಲೆಯಲ್ಲಿ ಮೊದಲನೆಯವನೇ ಕೂತಿದ್ದ.

ಎಸ್ಕ್ರೋ_ಅಕ್ಕ
ಗೌಡರ ಪರ ಒಂದು ಓಟು. ಖೋಟಾ ಸಹಿ, ದಿವಾಳಿ, ಗೊತ್ತಿಲ್ಲದ ವಾರಸುದಾರ, ಇವು ಯಾವ ಸರ್ಟಿಫಿಕೇಟ್‌ನಲ್ಲೂ ಕಾಣುವುದಿಲ್ಲ. ಪಾರ್ಕ್‌ಗಳಲ್ಲಿ ಕೈಬರಹದ ಚೀಟಿ ಮೇಲೆ ಮನೆ ಮಾರಿ ಹೋದವರು ಎಷ್ಟೋ ಜನ.

ಕರಾವಳಿ_ಕಾಕ
ಒಂದು ವಿಷಯ. ಎಲ್ಲರೂ ಮೊಬೈಲ್ ಹೋಮ್, ಮ್ಯಾನುಫ್ಯಾಕ್ಚರ್ಡ್ ಹೋಮ್ ಎರಡನ್ನೂ ಒಂದೇ ಅಂತ ಬಳಸುತ್ತಿದ್ದೀರಿ. 1976ರ ಜೂನ್ 15ಕ್ಕೆ ಮುಂಚೆ ಕಟ್ಟಿದ್ದು ಮೊಬೈಲ್ ಹೋಮ್. ಅವತ್ತು ಕೇಂದ್ರದ ವಸತಿ ಇಲಾಖೆಯಾದ ಎಚ್‌ಯುಡಿಯ ನಿಯಮ ಬಂತು, ಆಮೇಲಿನದ್ದೆಲ್ಲ ಮ್ಯಾನುಫ್ಯಾಕ್ಚರ್ಡ್ ಹೋಮ್. ಹೊರಗಡೆ ಒಂದೊಂದು ಭಾಗಕ್ಕೂ ಕೆಂಪು ಲೋಹದ ತಗಡು ಇರುತ್ತೆ. ಒಳಗೆ ಅಡುಗೆಮನೆ ಕಪಾಟಿನಲ್ಲೋ ಕರೆಂಟ್ ಪ್ಯಾನೆಲ್ ಹತ್ತಿರವೋ ಡೇಟಾ ಪ್ಲೇಟ್ ಅಂತ ಕಾಗದ ಅಂಟಿಸಿರುತ್ತಾರೆ. ಕೆಂಪು ತಗಡು ಇಲ್ಲದಿದ್ದರೆ ಬಹಳ ಬ್ಯಾಂಕುಗಳು ಸಾಲ ಕೊಡಲ್ಲ.

ಹುಬ್ಬಳ್ಳಿ_ಮಿರ್ಚಿ
1983ರಾಗ ಕಟ್ಟಿದ ಮನಿ, 43 ವರ್ಷದಿಂದ ಒಂದು ಇಂಚು ಅಲುಗಾಡಿಲ್ಲ, ಅದಕ್ಕ ಮೊಬೈಲ್ ಅಂತ ಹೆಸರು.

ಶಿರಸಿ_ಅಪ್ಪೆಮಿಡಿ
ಸೊಸೆಯವರೇ, ವಾಸ್ತು ನೋಡಿದ್ದೀರಾ? ತಪ್ಪಾಗಿದ್ದರೆ ಮನೆಯನ್ನೇ ತಿರುಗಿಸಿ ನಿಲ್ಲಿಸಬಹುದು. ಈ ಭಾಗ್ಯ ಬೇರೆ ಯಾರಿಗೂ ಇಲ್ಲ.

ಕರಾವಳಿ_ಕಾಕ
ಹೋಮ ಮಾಡಬೇಡಿ ಮಾತ್ರ. ಹೊಗೆ ಅಲಾರಂ ಹೊಡೆದುಕೊಂಡು ಇಡೀ ಪಾರ್ಕ್ ಹೊರಗೆ ಬರುತ್ತೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗಿತ್ತು. ಫೈರ್ ಎಂಜಿನ್‌ನವರಿಗೆ ಪ್ರಸಾದ ಕೊಟ್ಟು ಕಳಿಸಿದೆವು.

ಲೆಕ್ಕದ_ಮೇಷ್ಟ್ರು
ಎಲ್ಲ ಸರಿ, ನಿಜವಾದ ಅಪಾಯ ಯಾರೂ ಹೇಳುತ್ತಿಲ್ಲ. ಜಾಗದ ಬಾಡಿಗೆ! ಟೈಟಲ್ ಎಷ್ಟೇ ಶುದ್ಧವಾಗಿರಲಿ, ಪಾರ್ಕ್‌ನವನು ಬಾಡಿಗೆ ಏರಿಸಿದರೆ ಏನು ಮಾಡುತ್ತೀರಿ? ಮನೆ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತೀರಾ? ಡಬಲ್ ವೈಡ್ ಬಿಚ್ಚಿ ಸಾಗಿಸಿ ಮತ್ತೆ ಜೋಡಿಸಲು ಸಾವಿರಾರು ಡಾಲರ್ ಬೇಕು. ಹಳೇ ಮನೆಗೆ ಬೇರೆ ಪಾರ್ಕ್ ಜಾಗವನ್ನೂ ಕೊಡಲ್ಲ.

ಎಸ್ಕ್ರೋ_ಅಕ್ಕ
ಮೇಷ್ಟ್ರು ಈ ಸಲ ನೂರಕ್ಕೆ ನೂರು ಸರಿ. ಮೊಬೈಲ್‌ಹೋಮ್ ರೆಸಿಡೆನ್ಸಿ ಲಾ ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾಯ್ದೆ ಇದೆ, ಕೊಳ್ಳುವ ಮುಂಚೆ ಓದಿ. ಕೊಳ್ಳುವವರನ್ನು ಪಾರ್ಕ್ ಒಪ್ಪಬೇಕು. ಅರ್ಜಿ ಪೂರ್ತಿ ಕೊಟ್ಟ ಮೇಲೆ 15 ಕೆಲಸದ ದಿನಗಳೊಳಗೆ ಅವರು ಹೌದು ಅಥವಾ ಇಲ್ಲ ಹೇಳಬೇಕು. ಬಾಡಿಗೆ ಏರಿಕೆಗೆ ಊರಿನ ಮಟ್ಟದಲ್ಲಿ ಮಿತಿ ಇದೆಯಾ ಅಂತ ನೋಡಿ, ಊರಿಂದ ಊರಿಗೆ ಬೇರೆ.

ಜಾಗ ಸ್ವಂತದ್ದಾಗಿದ್ದರೆ ಅಥವಾ ದೀರ್ಘ ಲೀಸ್ ಇದ್ದರೆ ಪಾಯ ಹಾಕಿಸಿ 433ಎ ಅಂತ ಫಾರಂ ಕೌಂಟಿಯಲ್ಲಿ ದಾಖಲಿಸಬಹುದು. ಆಮೇಲೆ ಎಚ್‌ಸಿಡಿಯ ಟೈಟಲ್, ಡೆಕಲ್ ಎರಡನ್ನೂ ವಾಪಸ್ ಕೊಡಬೇಕು. ಅಲ್ಲಿಗೆ ಗಾಡಿ ಸತ್ತಿತು, ಮನೆ ಹುಟ್ಟಿತು. ಆಗ ಟೈಟಲ್ ಇನ್ಶೂರೆನ್ಸ್ ಸಿಗುತ್ತೆ. ತಿಂಗಳ ಬಾಡಿಗೆಯ ಪಾರ್ಕ್‌ನಲ್ಲಿ ಇದು ಆಗುವುದು ಕಷ್ಟ.

ಸನಿವೇಲ್_ಸೊಸೆ
ಟೈಟಲ್ ಸರ್ಚ್ ಬಂತು! ಬಂದ ಮೇಲೆ ನಿದ್ದೆ ಹೋಯಿತು.

ರಿಜಿಸ್ಟರ್ಡ್ ಓನರ್ ಜಾಗದಲ್ಲಿ ಅಜ್ಜಿ ಮತ್ತು ಅವರ ಗಂಡ. ಗಂಡ ತೀರಿಕೊಂಡು ಒಂಬತ್ತು ವರ್ಷ ಆಯಿತಂತೆ. ಲೀಗಲ್ ಓನರ್ ಜಾಗದಲ್ಲಿ ಒಂದು ಬ್ಯಾಂಕಿನ ಹೆಸರು. ಅಜ್ಜಿಗೆ ಕೇಳಿದರೆ "ಆ ಸಾಲ ಯಾವಾಗಲೋ ತೀರಿಸಿದೆವು, ಆ ಬ್ಯಾಂಕೇ ಈಗಿಲ್ಲ" ಅಂದರು. ಏಜೆಂಟ್‌ಗೆ ಹೇಳಿದೆ. ಈ ಸಲ ನಗಲಿಲ್ಲ.

ಎಸ್ಕ್ರೋ_ಅಕ್ಕ
ಎದೆ ಹೊಡೆದುಕೊಳ್ಳಬೇಡಿ, ಇದು ನಾವು ವಾರಕ್ಕೆ ಎರಡು ಸಲ ನೋಡುವ ಕಾಯಿಲೆ.

ಮೊದಲು ಗಂಡ ಹೆಂಡತಿ ಹೆಸರಿನ ಮುಂದೆ ಏನು ಬರೆದಿದೆ ನೋಡಿ. ಜಾಯಿಂಟ್ ಟೆನೆಂಟ್ಸ್ (ಜಂಟಿ ಮಾಲೀಕರು) ಅಂತ ಇದ್ದರೆ ಪಾಲು ನೇರವಾಗಿ ಅಜ್ಜಿಗೆ ಬರುತ್ತೆ. ಮರಣ ಪತ್ರ, ಜೊತೆಗೆ ಒಂದು ಅಫಿಡವಿಟ್ ಸಾಕು. ಟೆನೆಂಟ್ಸ್ ಇನ್ ಕಾಮನ್ (ಬೇರೆ ಬೇರೆ ಪಾಲಿನ ಮಾಲೀಕರು) ಅಂತ ಇದ್ದರೆ ಎರಡು ಹೆಸರಿನ ನಡುವಿನ ಪದ ನೋಡಿ. "ಅಥವಾ" ಇದ್ದರೆ ಒಬ್ಬರ ಸಹಿ ನಡೆಯುತ್ತದೆ. "ಮತ್ತು" ಇದ್ದರೆ ಇಬ್ಬರದ್ದೂ ಬೇಕು, ಗಂಡನ ಪಾಲಿಗೆ ವಾರಸುದಾರರನ್ನು ಹುಡುಕಬೇಕು. ಆ ಒಂದು ಪದದ ಮೇಲೆ ಎರಡು ವಾರವೋ ಆರು ತಿಂಗಳೋ ಅನ್ನುವುದು ನಿಂತಿರುತ್ತೆ.

ಇನ್ನು ಸಾಲ. ಬೇರೆ ಬ್ಯಾಂಕ್‌ನಲ್ಲಿ ವಿಲೀನ ಆಗಿದ್ದರೆ ಆ ಹೊಸ ಬ್ಯಾಂಕೇ ಸಾಲ ತೀರಿದೆ ಅಂತ ಸಹಿ ಹಾಕಿಕೊಡಬೇಕು. ಮುಳುಗಿದ ಬ್ಯಾಂಕ್ ಆಗಿದ್ದರೆ ಅಂಥ ಬ್ಯಾಂಕುಗಳನ್ನು ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಐಸಿಗೆ ಬರೆಯಿರಿ, ಲೀನ್ ಬಿಡುಗಡೆ ಪತ್ರ ಅವರಿಂದ ತರಿಸಬಹುದು. ಇದೆಲ್ಲ ಅಜ್ಜಿಯ ಕಡೆಯ ಕೆಲಸ, ಅವರ ಖರ್ಚು. ನಿಮ್ಮ ದುಡ್ಡು ಎಸ್ಕ್ರೋ ಬಿಟ್ಟು ಕದಲಬಾರದು.

ಟ್ಯಾಂಪಾ_ಮಾಣಿ
"ಅಥವಾ" ಇರಲಿ ಅಂತ ಕಟೀಲಮ್ಮನಿಗೆ ಹರಕೆ ಹೊರಿ.

ಸನಿವೇಲ್_ಸೊಸೆ
ಜಾಯಿಂಟ್ ಟೆನೆಂಟ್ಸ್ ಅಂತ ಇದೆ! ಬ್ಯಾಂಕ್ ವಿಲೀನ ಆಗಿದೆ, ಮುಳುಗಿಲ್ಲ. ಅಜ್ಜಿಯ ಮಗಳು ಹೊಸ ಬ್ಯಾಂಕ್‌ಗೆ ಬರೆದಿದ್ದಾರೆ. ಮೂರರಿಂದ ಆರು ವಾರ ಅಂದರಂತೆ. ಪಾರ್ಕ್‌ಗೂ ಅರ್ಜಿ ಕೊಟ್ಟೆವು.

ಮಾವನವರಿಗೆ ಆ ಕಾಗದವನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದೆ. ಎರಡು ದಿನ ಕನ್ನಡಕ ಹಾಕಿಕೊಂಡು ಓದಿದರು. ನಿನ್ನೆ ಫೋನ್ ಮಾಡಿ ಹೇಳಿದರು: "ಎಲ್ಲ ಸರಿ ಇದೆಯಮ್ಮಾ. ಆದರೆ ಚಕ್ಕುಬಂದಿ ಎಲ್ಲಿ? ಪೂರ್ವಕ್ಕೆ ಯಾರು, ಪಶ್ಚಿಮಕ್ಕೆ ಯಾರು ಅಂತಲೇ ಬರೆದಿಲ್ಲವಲ್ಲ."

ಹುಬ್ಬಳ್ಳಿ_ಮಿರ್ಚಿ
ಗಾಡಿಗೆ ಚಕ್ಕುಬಂದಿ ಎಲ್ಲಿಂದ ತರೋದ್ರಿ ಯಜಮಾನ್ರ. ಮುಂದ ಹೆಡ್‌ಲೈಟು, ಹಿಂದ ಡಿಕ್ಕಿ.

ಆಸ್ಟಿನ್_ಗೌಡ
ಪಶ್ಚಿಮಕ್ಕೆ ನಿಂಬೆ ಗಿಡ ಅಂತ ಬರೆದುಕೊಡಿ ಸೊಸೆಯವರೇ. ಮತ್ತೆ ಆ ಗಿಡ ಮಾರಾಟದಲ್ಲಿ ಸೇರಿದೆಯಾ, ಪಾರ್ಕ್‌ನವರದ್ದಾ, ಈಗಲೇ ಕೇಳಿಟ್ಟುಕೊಳ್ಳಿ. ಮಣ್ಣಲ್ಲಿ ನೆಟ್ಟಿದ್ದು ಅದು.

ಸನಿವೇಲ್_ಸೊಸೆ
ಅಯ್ಯೋ. ಅದನ್ನು ಕೇಳೇ ಇಲ್ಲ.